ಎರಡು ಗಂಟೆಯ ಬೈಕಿನವನು

ಐವತ್ತಾರನೇ ವಯಸ್ಸಿನಲ್ಲಿ ಮೋಟಾರ್‌ಸೈಕಲ್ ಕಲಿಯಲು ಹೊರಟ ಹೆಂಗಸಿಗೆ ಏನಾದರೂ ಘನವಾದ ಕಾರಣ ಇರಬೇಕು ಅಂತ ಜನ ಅಂದುಕೊಳ್ಳುತ್ತಾರೆ. ನನ್ನ ಕಾರಣ ಒಂದು ಟಿವಿ ಸೀರಿಯಲ್ಲು. ಅದೂ ನಾನು ನೋಡುವ ಹೊತ್ತಿಗೇ ಹಳೆಯದಾಗಿದ್ದ ಸೀರಿಯಲ್ಲು.

ಮದುವೆಯಾಗಿ ಮೈಸೂರಿನಿಂದ ಅಮೆರಿಕದ ಮಿಶಿಗನ್ನಿನ ಟ್ರಾಯ್‌ಗೆ ಬಂದ ಮೊದಲ ಚಳಿಗಾಲ. ಕೆಲಸ ಮಾಡುವಂತಿಲ್ಲದ ವೀಸಾ. ಡ್ರೈವಿಂಗ್ ಬಾರದು. ಇದ್ದ ಒಂದು ಕಾರನ್ನು ನಮ್ಮನೆಯವರು ಬೆಳಿಗ್ಗೆ ಏಳಕ್ಕೇ ಆಫೀಸಿಗೆ ತೆಗೆದುಕೊಂಡು ಹೋಗುತ್ತಿದ್ದರು. ಅಂಗಡಿ ಎರಡು ಮೈಲಿ ದೂರ, ಫುಟ್‌ಪಾತ್ ಇಲ್ಲ, ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಕಲ್ಲಾಗುವ ಚಳಿ. ಹನ್ನೊಂದಕ್ಕೆ ಅಡುಗೆ ಮುಗಿದರೆ ಸಂಜೆ ಆರರವರೆಗೆ ಗೋಡೆ ನೋಡುವುದೇ ಕೆಲಸ. ಅಂಥ ಹೊತ್ತಿನಲ್ಲಿ ಸಿಕ್ಕವನು ಮಧ್ಯಾಹ್ನ ಎರಡು ಗಂಟೆಯ ಬೈಕಿನವನು.

ಯಾವುದೋ ಚಾನೆಲ್ಲು ಅವನ ಹಳೇ ಎಪಿಸೋಡುಗಳನ್ನು ಮತ್ತೆ ಮತ್ತೆ ಹಾಕುತ್ತಿತ್ತು. ಪ್ರತಿ ಸಲ ಅವನು ಹೊಸದೊಂದು ಊರಿಗೆ ಬರುತ್ತಾನೆ. ಅಲ್ಲಿ ಯಾರೋ ವಿಧವೆಯ ಜಮೀನೋ, ಯಾರೋ ಮುದುಕನ ಹಟವೋ ಗಂಟುಬಿದ್ದಿರುತ್ತದೆ. ಬಿಡಿಸುತ್ತಾನೆ. ಕೊನೆಗೆ ಕೈಗವಸು ಹಾಕಿಕೊಂಡು ಹೊರಟುಬಿಡುತ್ತಾನೆ. ಅವನ ಹತ್ತಿರ ಒಂದು ಕೈಚೀಲವೂ ಇರುತ್ತಿರಲಿಲ್ಲ. ಒಳಬಟ್ಟೆ ಎಲ್ಲಿ ಒಗೆಯುತ್ತಾನೋ ಅಂತ ನಾನು ನಿಜಕ್ಕೂ ಚಿಂತೆ ಮಾಡಿದ್ದೇನೆ. ಗೇಟಿನ ಹತ್ತಿರ ನಿಂತವರು ಯಾರೂ ಎಲ್ಲಿಗೆ ಅಂತ ಕೇಳುವುದಿಲ್ಲ, ಯಾವಾಗ ಬರುತ್ತೀಯ ಅನ್ನುವುದಿಲ್ಲ, ದಾರಿಗೆ ಎರಡು ಚಪಾತಿ ಕಟ್ಟಿಕೊಡುವುದಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು. ಹುಟ್ಟಿದಾಗಿನಿಂದ ಎಲ್ಲಿಗೆ ಅಂತ ಹೇಳದೆ ನಾನು ಹಿತ್ತಿಲಿಗೂ ಹೋದವಳಲ್ಲ. ಜೀವನದಲ್ಲಿ ಒಂದೇ ಒಂದು ಸಲ, ಹೇಳದೆ ಹೊರಡಬೇಕು ಅನ್ನುವ ಆಸೆ ಹುಟ್ಟಿದ್ದು ಆಗಲೇ.

ಮನೆಯವರ ಲೆಕ್ಕದಲ್ಲಿ ನಾನು ಹಗಲೆಲ್ಲ ಡ್ರೈವಿಂಗ್ ಪರೀಕ್ಷೆಯ ಪುಸ್ತಕ ಓದುತ್ತಿದ್ದೆ. ಬೈಕಿನವನು ಹೋದಮೇಲೂ ಮನೆಯಲ್ಲಿ ಮನುಷ್ಯರದೊಂದು ದನಿ ಇರಲಿ ಅಂತ ಟಿವಿ ಹಾಕಿಯೇ ಇಟ್ಟಿರುತ್ತಿದ್ದೆ. ಆರಕ್ಕೆ ಕಾರಿನ ಸದ್ದು ಕೇಳಿದ ಕೂಡಲೇ ಅದನ್ನು ಆರಿಸಿ, ಪುಸ್ತಕ ಬಿಡಿಸಿ, ಮುಖ ಗಂಭೀರ ಮಾಡಿಕೊಂಡು ಕೂರುತ್ತಿದ್ದೆ. ಅವರು ಒಳಗೆ ಬಂದವರೇ ಆ ಕಾಲದ ದಪ್ಪ ಡಬ್ಬದಂಥ ಟಿವಿಯ ಮೇಲೆ ಕೈಯೂರಿ ಬೂಟು ಬಿಚ್ಚುತ್ತಿದ್ದರು. ಒಂದು ದಿನವೂ ಸಿಕ್ಕಿಬೀಳಲಿಲ್ಲ ಅಂತ ನನಗೆ ಒಳಗೊಳಗೇ ಜಂಬ.

ಆಮೇಲೆ ಲೈಸೆನ್ಸು ಬಂತು, ಕೆಲಸ ಬಂತು, ಮಗಳು ಬಂದಳು, ಮನೆ ಶಿಕಾಗೋ ಕಡೆ ವೆಸ್ಟ್‌ಮಂಟ್‌ಗೆ ಬಂತು. ಮೂವತ್ತು ವರ್ಷ ನಾನು ಡ್ರೈವ್ ಮಾಡಿದ್ದೇ ಮಾಡಿದ್ದು. ಡಾನ್ಸ್ ಕ್ಲಾಸು, ದಂತವೈದ್ಯರು, ಕನ್ನಡ ಕೂಟದ ಯುಗಾದಿ ಊಟಕ್ಕೆ ಐವತ್ತು ಜನರ ಪುಳಿಯೋಗರೆ. ಎಲ್ಲಿಗೆ ಅಂತ ಎಲ್ಲರಿಗೂ ಗೊತ್ತಿರುತ್ತಿತ್ತು.

ಹೋದ ಚಳಿಗಾಲದಲ್ಲಿ ಆ ಸೀರಿಯಲ್ಲು ಇಂಟರ್ನೆಟ್ಟಿನಲ್ಲಿ ಮತ್ತೆ ಸಿಕ್ಕಿತು. ಕನ್ನಡಕ ಹಾಕಿಕೊಂಡು ಭಕ್ತಿಯಿಂದ ಕೂತೆ. ದೇವರೇ, ಎಷ್ಟು ಕೆಟ್ಟದಾಗಿದೆ! ಹೊಡೆತ ಬೀಳುವ ಮೊದಲೇ ಖಳನಾಯಕ ಉರುಳುತ್ತಾನೆ. ನಮ್ಮ ಹೀರೋ ನನ್ನ ಮಗಳಿಗಿಂತ ಚಿಕ್ಕವನು, ಒಳ್ಳೆ ಊಟ ಕಂಡವನಲ್ಲ. ಈ ಸಣಕಲನಿಗಾಗಿ ಅಷ್ಟು ನಿಟ್ಟುಸಿರು ಬಿಟ್ಟೆನೇ ಅಂತ ನಾಚಿಕೆಯಾಯಿತು. ಆದರೂ ಅವನು ಕೈಗವಸು ಹಾಕಿಕೊಳ್ಳುವುದನ್ನು ಹಿಂದಕ್ಕೆ ತಿರುಗಿಸಿ ಮೂರು ಸಲ ನೋಡಿದೆ. ಮರುದಿನವೇ ಮೋಟಾರ್‌ಸೈಕಲ್ ತರಬೇತಿಗೆ ಅಪ್ಲೈ ಮಾಡಿದೆ. "ಅಮ್ಮಾ, ಆರ್ ಯೂ ಸೀರಿಯಸ್?" ಅಂದಳು ಮಗಳು ಫೋನಿನಲ್ಲಿ.

ತರಬೇತಿ ಕೊಟ್ಟ ಹುಡುಗಿ ನೂರು ಸಲ ಹೇಳಿದ್ದು ಒಂದೇ ಮಾತು: ಮುಂದೆ ನೋಡಿ, ಕೆಳಗೆ ನೋಡಿದರೆ ಬೀಳುತ್ತೀರಿ. ಹೇಗೋ ಪಾಸಾದೆ. ಯಾರೋ ಓಡಿಸಿಬಿಟ್ಟ ಒಂದು ಸಣ್ಣ ಕೆಂಪು ಬೈಕು ಕೊಂಡೆ. "ಪೂಜೆ ಮಾಡಿಸ್ದೆ ರೋಡಿಗೆ ಇಳಿಸೋದು ಬೇಡ," ಅಂದರು ಮನೆಯವರು. ಹಾಗಾಗಿ ನನ್ನ ಅಲೆಮಾರಿ ಬೈಕು ಮೊದಲ ಪ್ರಯಾಣವನ್ನು ಪರಿಚಯದವರೊಬ್ಬರ ಪಿಕಪ್ ಟ್ರಕ್ಕಿನಲ್ಲಿ, ಹಗ್ಗ ಕಟ್ಟಿಸಿಕೊಂಡು, ದೇವಸ್ಥಾನದವರೆಗೆ ಮಾಡಿತು.

ಪಾರ್ಕಿಂಗ್ ಲಾಟಿನಲ್ಲಿ ಅರ್ಚಕರು ಹೆಡ್‌ಲೈಟಿಗೆ ಕುಂಕುಮ ಇಟ್ಟು, ಹ್ಯಾಂಡಲಿಗೆ ಹಾರ ಹಾಕಿ, ಕಾಯಿ ಒಡೆದು, ಎರಡು ಚಕ್ರದ ಮುಂದೂ ಒಂದೊಂದು ನಿಂಬೆಹಣ್ಣು ಇಟ್ಟರು. ರೇಷ್ಮೆ ಸೀರೆಯ ಹೆಂಗಸರು ಸುತ್ತ ನಿಂತು ಫೋನು ಎತ್ತಿ ಹಿಡಿದರು. "ನಿಧಾನಕ್ಕೆ ಬಿಡಿ ಅಮ್ಮಾ," ಅಂದರು ಅರ್ಚಕರು. ನಿಂಬೆಹಣ್ಣು ಚಕ್ರಕ್ಕೆ ಸರಿಯಾಗಿ ಸಿಕ್ಕಿ ಅಪ್ಪಚ್ಚಿಯಾಗಬೇಕು, ಪಕ್ಕಕ್ಕೆ ಜಾರಬಾರದು ಅನ್ನುವುದು ಚಿಕ್ಕಂದಿನಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಸಿಕ್ಕಿತೋ ಇಲ್ಲವೋ ಅಂತ ಕೆಳಗೆ ನೋಡಿದೆ. ಅಷ್ಟೇ. ಗಂಟೆಗೆ ಎರಡು ಮೈಲಿ ವೇಗದಲ್ಲಿ, ಹಾರದ ಸಮೇತ, ಇಡೀ ಸಮಾಜದ ಎದುರು ಅಡ್ಡ ಬಿದ್ದೆ. ನಿಂಬೆಹಣ್ಣು ಒಂದಿಷ್ಟೂ ನಲುಗದೆ ಉರುಳಿಹೋಯಿತು.

"ಅಯ್ಯೋ ಆಂಟಿ, ದೃಷ್ಟಿ ಆಯ್ತು," ಅಂದಳು ಒಬ್ಬಳು, ವಿಡಿಯೋ ನಿಲ್ಲಿಸದೆ.

ಮುಂದಿನ ಶನಿವಾರ ಬೆಳಿಗ್ಗೆ ಮಂಡಿಯ ಪಟ್ಟಿ ಬಿಚ್ಚಿದೆ, ಕೈಗವಸು ಹಾಕಿಕೊಂಡೆ. ಮನೆಯವರು ಗ್ಯಾರೇಜಿಗೆ ಬಂದು ನಿಂತರು.

"ಎಲ್ಲಿಗೆ?"

"ಹೇಳಲ್ಲ."

ಆ ಒಂದು ಮಾತಿಗೆ ಮೂವತ್ತು ವರ್ಷ ಕಾದಿದ್ದೆ. ಎದೆ ಉಬ್ಬಿಸಿಕೊಂಡು ಆಗ್ಡನ್ ಅವೆನ್ಯೂಗೆ ತಿರುಗಿದೆ. ಅರ್ಧ ಮೈಲಿಯೂ ಆಗಿರಲಿಲ್ಲ, ಕನ್ನಡಿಯಲ್ಲಿ ನಮ್ಮ ಮಿನಿವ್ಯಾನ್ ಕಂಡಿತು. ನಾಲ್ಕೂ ಎಚ್ಚರಿಕೆ ದೀಪ ಮಿನುಗಿಸುತ್ತ, ಹೆಣದ ಮೆರವಣಿಗೆಯ ಹಾಗೆ ನಿಧಾನಕ್ಕೆ ಬರುತ್ತಿದೆ. ನಾನು ಸಿಗ್ನಲ್ಲಿನಲ್ಲಿ ನಿಂತರೆ ಅದೂ ನಿಲ್ಲುತ್ತದೆ. ಇಪ್ಪತ್ತು ಮೈಲಿ ಹೀಗೇ ಸಾಗಿತು. ಓಸ್ವೀಗೋ ದಾಟಿ, ಮುಸುಕಿನ ಜೋಳದ ಹೊಲಗಳ ಮಧ್ಯೆ ಒಂದು ಗ್ಯಾಸ್ ಸ್ಟೇಷನ್ನಿಗೆ ನುಗ್ಗಿ ನಿಲ್ಲಿಸಿದೆ. ಅವರು ವ್ಯಾನಿನಿಂದ ಇಳಿದು ಮಡಚುವ ಕುರ್ಚಿ, ಕಾಫಿ ಫ್ಲಾಸ್ಕು, ಚಿತ್ರಾನ್ನದ ಡಬ್ಬಿ ತೆಗೆದರು.

"ಯಾಕ್ರೀ ಹಿಂದೆ ಬಂದ್ರಿ?"

"ಬಿದ್ರೆ ಎತ್ತೋಕೆ ಯಾರಾದ್ರೂ ಬೇಡ್ವಾ?"

ನನಗೆ ಅಳುವೇ ಬಂತು. ಎಲ್ಲವನ್ನೂ ಹೇಳಿಬಿಟ್ಟೆ. ಟ್ರಾಯ್‌ನ ಮಧ್ಯಾಹ್ನಗಳು, ಬೈಕಿನವನು, ಓದದ ಪುಸ್ತಕ. "ಒಂದೇ ಒಂದ್ಸಲ ಹೇಳ್ದೆ ಹೋಗ್ಬೇಕಿತ್ತು ನಂಗೆ. ಅದನ್ನೂ ಹಾಳ್ಮಾಡಿದ್ರಿ."

ಅವರು ಕಾಫಿ ಬಗ್ಗಿಸಿ ನನ್ನ ಕೈಗೆ ಕೊಟ್ಟರು. "ಟಿವಿ ವಿಷ್ಯ ನಂಗೆ ಗೊತ್ತಿತ್ತು ಕಣೇ. ದಿನಾ ಬಂದು ಅದರ ಮೇಲೆ ಕೈ ಇಟ್ಟು ನೋಡ್ತಿದ್ದೆ."

"ನನ್ನ ಮೇಲೆ ಪತ್ತೇದಾರಿನಾ?"

"ಅಲ್ಲ. ಬಿಸಿ ಇದ್ರೆ, ಸದ್ಯ, ಇವತ್ತು ಏನೋ ನೋಡ್ಕೊಂಡು ಇದ್ಲು ಅಂತ ಸಮಾಧಾನ. ತಣ್ಣಗಿದ್ದ ದಿನ ನಂಗೆ ರಾತ್ರಿ ನಿದ್ದೆ ಬರ್ತಿರ್ಲಿಲ್ಲ. ಸುಮ್ನೆ ಕೂತು ಯೋಚ್ನೆ ಮಾಡಿರ್ತಾಳೆ, ಒಂದಿನ ಹೊರಟುಬಿಡ್ತಾಳೆ ಅಂತ." ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಹೇಳಿದರು, "ಎಲ್ಲಿಗೆ ಅಂತ ಹೇಳ್ದೆ."

ನನ್ನ ಜಾಣತನಕ್ಕೆ ಇಷ್ಟು ವರ್ಷ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಆ ಮನುಷ್ಯ ದಿನಾ ಸಂಜೆ ಹೆದರಿಕೊಂಡು ಬಾಗಿಲು ತೆಗೆಯುತ್ತಿದ್ದ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಡಬ್ಬಿ ತೆರೆದು ಚಿತ್ರಾನ್ನ ತಿಂದೆ. ಅವರು ಕುರ್ಚಿ ಮಡಚಿದರು.

"ನಾನು ಮನೆಗ್ ಹೋಗ್ತೀನಿ. ನೀನು ಹೋಗ್ಬಾ."

ಇನ್ನೊಂದು ಮಾತು ಅವರ ನಾಲಿಗೆಯ ತುದಿಗೆ ಬಂದದ್ದು ಕಂಡಿತು. ನುಂಗಿಕೊಂಡರು. ವ್ಯಾನು ತಿರುಗಿ ಹೋಯಿತು.

ನಾನು ಮುಂದೆ ಹೋದೆ. ಒಬ್ಬಳೇ, ನೆಟ್ಟಗಿನ ರಸ್ತೆ, ಎರಡೂ ಕಡೆ ಜೋಳ. ಹೋಗಿ ತಲುಪಿದ ಊರಿನಲ್ಲಿ ಗಂಟುಬಿದ್ದ ಜಮೀನೂ ಇರಲಿಲ್ಲ, ಹಟದ ಮುದುಕನೂ ಇರಲಿಲ್ಲ. ದಾರಿ ತಪ್ಪಿದೆಯಾ ಅಂತ ಒಬ್ಬರು ನನ್ನನ್ನೇ ಕೇಳಿದರು. ಬೆನ್ನು ನೋಯುತ್ತಿತ್ತು. ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಅಲ್ಲಿಂದಲೇ ಮನೆಯ ಕಡೆ ತಿರುಗಿದೆ.

ಮನೆಗೆ ಬಂದು ಬೈಕು ನಿಲ್ಲಿಸಿ ಹೆಲ್ಮೆಟ್ಟು ಕಳಚುತ್ತಿದ್ದೆ. ಅವರು ಚಪ್ಪಲಿ ಮೆಟ್ಟಿಕೊಂಡು ಗ್ಯಾರೇಜಿಗೆ ಬಂದರು. ಏನೂ ಕೇಳಲಿಲ್ಲ. ನೇರವಾಗಿ ಬಂದು ಎಂಜಿನ್ನಿನ ಮೇಲೆ ಕೈ ಇಟ್ಟರು.

"ರೀ, ಸುಡುತ್ತೆ!" ಅಂತ ಕಿರುಚುವಷ್ಟರಲ್ಲಿ ಸುಟ್ಟುಕೊಂಡಾಗಿತ್ತು.

ಅವರು ನಲ್ಲಿಯ ಕೆಳಗೆ ಬೆರಳು ಹಿಡಿದು ನಿಂತರು. ನಾನು ಪಕ್ಕದಲ್ಲಿ ನಿಂತು, ಎಲ್ಲಿಗೆ ಹೋಗಿದ್ದೆ ಅಂತ, ಅವರು ಕೇಳದೆಯೇ, ಮೊದಲಿನಿಂದ ಹೇಳತೊಡಗಿದೆ.