ಮಾತಾಡ್ತಾರ, ಏನೂ ಹೇಳಂಗಿಲ್ಲ

ಕುರುಗೋಡಿನ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ, ಮನೆ ಬಳ್ಳಾರಿಯಲ್ಲಿ. ಸ್ಪೀಕ್, ಟಾಕ್, ಸೇ, ಟೆಲ್: ಈ ನಾಲ್ಕನ್ನು ಮಕ್ಕಳು ಒಂದರ ಜಾಗದಲ್ಲಿ ಇನ್ನೊಂದು ಹಾಕುತ್ತಾರೆಂದು ಪ್ರತಿ ವರ್ಷ ತಿದ್ದುತ್ತಿದ್ದೆ. ಅವುಗಳಲ್ಲಿ ಸರಿಯಾದದ್ದನ್ನು ಆರಿಸಲು ನಾನೇ ತಡವರಿಸಿದ್ದು ಒಂದು ಆಸ್ಪತ್ರೆಯಲ್ಲಿ.

ನನ್ನ ಗಂಡ ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಮ್ಯಾನೇಜರ್ ಆಗಿದ್ದರು. ಒಂದು ಬೆಳಿಗ್ಗೆ ಬಸ್ಸಿಗೆ ಹೊರಟವರು ಚಪ್ಪಲಿ ಮೆಟ್ಟುತ್ತ ಏನೋ ಅಂದರು. ದನಿ ಅವರದೇ, ಏರಿಳಿತವೂ ಅವರದೇ. ಆದರೆ ಒಂದು ಶಬ್ದವೂ ಕನ್ನಡವಲ್ಲ, ತೆಲುಗೂ ಅಲ್ಲ. ತಮಾಷೆ ಅಂದುಕೊಂಡು "ಏನ್ರೀ?" ಎಂದೆ. ಮತ್ತೆ ಅದೇ ಧಾಟಿಯಲ್ಲಿ, ಸ್ವಲ್ಪ ಸಿಟ್ಟಿನಿಂದ ಮಾತಾಡಿದರು. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಡಾಕ್ಟರು ಉತ್ತರ ಭಾರತದ ಕಡೆಯವರು, ಕನ್ನಡ ಬಾರದು. "ಈಸ್ ಹೀ ಸ್ಪೀಕಿಂಗ್?" ಎಂದು ಕೇಳಿದರು. ಹೌದೆಂದರೂ ತಪ್ಪು, ಇಲ್ಲವೆಂದರೂ ತಪ್ಪು. ಕೊನೆಗೆ, "ಹೀ ಈಸ್ ಟಾಕಿಂಗ್, ಡಾಕ್ಟರ್. ಬಟ್ ಹೀ ಈಸ್ ನಾಟ್ ಸೇಯಿಂಗ್ ಎನಿಥಿಂಗ್," ಎಂದೆ. ಮಾತಾಡುತ್ತಿದ್ದಾರೆ, ಆದರೆ ಏನೂ ಹೇಳುತ್ತಿಲ್ಲ. ಅವರು ತಲೆ ಎತ್ತಿ ನನ್ನನ್ನು ನೋಡಿ, ಕಾಯಿಲೆಯೇ ಅದು ಎಂದರು.

ನಮಗೆ ಮಕ್ಕಳಿಲ್ಲ. ಮನೆಗೆ ಬಂದ ಮೇಲೆ ಅವರು ಇಡೀ ದಿನ ಮಾತಾಡುತ್ತಿದ್ದರು. ಪ್ರಶ್ನೆ ಕೇಳಿದ ಹಾಗೆ ಹುಬ್ಬೇರಿಸಿ ಕಾಯುತ್ತಿದ್ದರು. ನಾನು ಹೌದೆಂದರೆ ಕೆಲವೊಮ್ಮೆ ನಗು, ಕೆಲವೊಮ್ಮೆ ತಟ್ಟೆ ದೂಡುವಷ್ಟು ಸಿಟ್ಟು. ನೋಡಲು ಸಿರುಗುಪ್ಪದಿಂದ ಅವರ ಅಕ್ಕ ಬಂದರು.

"ಚಲೋ ಮಾತಾಡ್ತಾನಲ್ಲವಾ ನನ್ನ ತಮ್ಮ. ನೀ ಯಾಕ ಅಳ್ತಿ?"

"ಏನಂದ್ರು, ನೀವ ಹೇಳ್ರಿ ನೋಡೋಣ," ಎಂದೆ.

ಅವರು ತಮ್ಮನ ಮುಖ ನೋಡಿದರು. ಆಮೇಲೆ ಸೆರಗು ಬಾಯಿಗೆ ಹಿಡಿದು ಎದ್ದು ಒಳಗೆ ಹೋದರು. ಕ್ರಮೇಣ ಬರುವವರು ಕಡಿಮೆಯಾದರು. ಅರ್ಥವಾಗದ ಮಾತಿನ ಮುಂದೆ ಯಾರು ಎಷ್ಟು ಹೊತ್ತು ಕೂರುತ್ತಾರೆ? ಹೊರಗಿನಿಂದ ಕೇಳಿದವರಿಗೆ ನಮ್ಮದು ಹರಟೆಯ ಮನೆ. ಒಳಗೆ ನಾನೊಬ್ಬಳೇ ಇದ್ದೆ. ಅವರೂ ಹಾಗೆಯೇ ಇದ್ದರೇನೋ.

ಆ ವರ್ಷವೂ ಶಾಲೆಯಲ್ಲಿ ಅದೇ ನಾಲ್ಕು ಶಬ್ದಗಳ ಪಾಠ ಬಂತು. ಹುಡುಗಿಯೊಬ್ಬಳು ಎದ್ದು ನಿಂತು, "ಮೈ ಗ್ರ್ಯಾಂಡ್‌ಮದರ್ ಟೆಲ್ಸ್ ಆಲ್ ಡೇ" ಎಂದು ತಾನು ಬರೆದದ್ದನ್ನು ಓದಿದಳು.

"ಟೆಲ್ ಅಂದ್ರ ಯಾರಿಗೆ ಅನ್ನೋದು ಬೇಕಲ್ಲ? ಯಾರಿಗೆ ಹೇಳ್ತಾಳ ನಿಮ್ಮಜ್ಜಿ?"

"ಯಾರಿಗೂ ಇಲ್ರಿ ಮೇಡಂ. ಎಲ್ಲಾರೂ ಹೊಲಕ್ಕ ಹೋಗಿರ್ತಾರ. ಒಬ್ಬಾಕಿನ ಕುಂತು ಮಾತಾಡ್ತಿರ್ತಾಳ."

"ಹಂಗಾದ್ರ ಟಾಕ್ಸ್ ಅಂತ ಬರಿ," ಎಂದೆ. ಬೋರ್ಡಿನ ಕಡೆ ತಿರುಗಿ, ಬರೆದದ್ದನ್ನೇ ಒರೆಸಿ ಮತ್ತೆ ಬರೆದೆ.

ಗಂಡನನ್ನು ಮಾತಿನ ಚಿಕಿತ್ಸೆಗೆ ವಾರಕ್ಕೊಮ್ಮೆ ಕರೆದೊಯ್ಯುತ್ತಿದ್ದೆ. ಅಲ್ಲಿನವರು ಚಿತ್ರ ತೋರಿಸಿ ಹೆಸರು ಹೇಳಿಸುತ್ತಿದ್ದರು; ತಿಂಗಳುಗಟ್ಟಲೆ ಏನೂ ಬರಲಿಲ್ಲ. ಒಂದು ಸಂಜೆ ಕುರುಗೋಡಿನ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ನಾನು ಮನೆ ಮುಟ್ಟುವಾಗ ಬೀದಿದೀಪಗಳು ಹತ್ತಿದ್ದವು. ಅವರು ಗೇಟಿನ ಸರಳು ಹಿಡಿದು ನಿಂತಿದ್ದರು.

"ತಡಾ," ಎಂದರು. ಸ್ಪಷ್ಟವಾಗಿ.

"ಹೌದ್ರೀ, ತಡಾ ಆತು. ಬಸ್ ಕೆಟ್ಟಿತ್ತು," ಎಂದೆ. ಹೆಗಲ ಚೀಲ ಇಳಿಸದೆ ಬಸ್ಸಿನ ಕಥೆಯನ್ನೆಲ್ಲ ಹೇಳಿದೆ. ಅವರು ಕೇಳಿದರು. ಆಮೇಲೆ ಅವರು ಶುರು ಮಾಡಿದ್ದರಲ್ಲಿ ನನಗೆ ಒಂದೂ ತಿಳಿಯಲಿಲ್ಲ. ಹೂಂ ಎನ್ನುತ್ತ ಮೆಟ್ಟಿಲ ಮೇಲೆ ಕೂತೆ.

ಈಗ ನೀರು, ಸಾಕು, ಬ್ಯಾಡ ಅನ್ನುತ್ತಾರೆ. ನನ್ನ ಹೆಸರು ಇನ್ನೂ ಬಂದಿಲ್ಲ. ಡಾಕ್ಟರು ಬರಬಹುದು ಅನ್ನುತ್ತಾರೆ, ಬಾರದೆಯೂ ಇರಬಹುದು ಅನ್ನುತ್ತಾರೆ.