ಕಿತ್ತೂರಿನ ಸಭೆಯಲ್ಲಿ ಅವ್ವನ ದನಿ

ರಾಮದುರ್ಗದ ಒಂದು ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಕಲಿಸುತ್ತೇನೆ. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಕನ್ನಡದಲ್ಲಿ ವಿಡಿಯೋ ಪಾಠ ಮಾಡುವುದು ಹೇಗೆಂದು ಸುತ್ತಲಿನ ಶಿಕ್ಷಕರಿಗೆ ತೋರಿಸಿಕೊಡಿ ಎಂದು ಕಿತ್ತೂರಿನ ಒಂದು ಶಾಲೆಯವರು ಕರೆದಾಗ, ಅವ್ವ ತಾನೂ ಬರುತ್ತೇನೆಂದಳು. ಮಂದಿಯ ಮುಂದೆ ನಿಂತು ನಾನು ಮಾತಾಡುವುದನ್ನು ಅವಳು ಎಂದೂ ನೋಡಿರಲಿಲ್ಲ.

ಸವದತ್ತಿ, ಬೈಲಹೊಂಗಲ ಎಂದು ಬಸ್ಸು ಬದಲಿಸುತ್ತ ಹೋದೆವು. ಪಕ್ಕಕ್ಕೆ ಬಂದು ಕುಳಿತವರಿಗೆಲ್ಲ ಅವ್ವ, ನನ್ನ ಮಗಳು ಮಾಸ್ತರರಿಗೇ ಕಲಿಸಲಿಕ್ಕೆ ಹೊರಟಿದ್ದಾಳೆ ಎಂದು ಹೇಳುತ್ತಿದ್ದಳು. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರೂ ಒಳಗೊಳಗೆ ಹಿಗ್ಗಿದ್ದೆ.

ಸಭಾಂಗಣ ತುಂಬಿತ್ತು. ಅವ್ವನನ್ನು ಹಿಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೆ ಕೂರಿಸಿ ಬಂದು ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಿದೆ. ವಿಂಡೋಸ್ ಏಳಲಿಲ್ಲ. ಕಪ್ಪು ತೆರೆಯ ಮೇಲೆ ಒಂದು ಬಿಳಿ ಗೆರೆ ಮಿಣುಕುತ್ತ ನಿಂತುಬಿಟ್ಟಿತು.

ಆ ಲ್ಯಾಪ್‌ಟಾಪು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಹಳೆಯ ಮ್ಯಾಕ್. ಅದರದೇ ಸಿಸ್ಟಮ್ ಜೊತೆಗೆ, ಕನ್ನಡ ಟೈಪಿಂಗಿಗೆಂದು ವಿಂಡೋಸ್, ವಿದ್ಯಾರ್ಥಿಗಳಿಗೆ ಕಲಿಸಲೆಂದು ಲಿನಕ್ಸ್ ಹಾಕಿಕೊಂಡಿದ್ದೆ; ಒಂದೊಂದಕ್ಕೂ ಡಿಸ್ಕಿನಲ್ಲಿ ಬೇರೆ ಬೇರೆ ಭಾಗ. ಡಿಸ್ಕಿನಲ್ಲಿ ಯಾವ ಭಾಗ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಹೇಳುವ ಪಟ್ಟಿ ಇಂಥ ಯಂತ್ರಗಳಲ್ಲಿ ಎರಡಿರುತ್ತವೆ. ಮ್ಯಾಕ್, ಲಿನಕ್ಸ್ ಓದುವುದು ಹೊಸ ಪಟ್ಟಿಯನ್ನು. ಈ ಯಂತ್ರದ ಮೇಲೆ ವಿಂಡೋಸ್ ಓದುವುದು ಹಳೆಯದನ್ನು, ಅದರಲ್ಲಿ ನಾಲ್ಕೇ ಸಾಲಿಗೆ ಜಾಗ. ಎರಡೂ ಒಂದಕ್ಕೊಂದು ಹೊಂದಿಕೊಂಡಿರಬೇಕು. ಹಿಂದಿನ ದಿನ, ವಿಂಡೋಸಿಗೆ ಜಾಗ ಸಾಲದೆಂದು ನಾನು ಲಿನಕ್ಸಿನಲ್ಲಿ ಕುಳಿತು ವಿಂಡೋಸಿನ ಭಾಗವನ್ನು ದೊಡ್ಡದು ಮಾಡಿದ್ದೆ. ಹೊಸ ಪಟ್ಟಿ ಸರಿಯಾಗಿ ಬದಲಾಗಿತ್ತು. ಹಳೆಯದರಲ್ಲಿದ್ದುದೆಲ್ಲ ಅಳಿಸಿಹೋಗಿತ್ತು. ಅದನ್ನು ನಾನು ನೋಡಿರಲಿಲ್ಲ.

ನನ್ನನ್ನು ಕರೆಸಿದ್ದ ಶಿಕ್ಷಕಿ ಪಕ್ಕದಲ್ಲೇ ನಿಂತಿದ್ದರು. ಚಹಾ ಮೊದಲು ಕೊಟ್ಟುಬಿಡೋಣವೇ ಎಂದು ಕೇಳಿದರು. ಬೇಡ, ಈಗ ಆಗುತ್ತದೆ ಎಂದೆ. ಯಂತ್ರ ಶುರುವಾಗುವಾಗ ಬರುವ ಮೆನುವಿನಲ್ಲೇ ಎರಡೂ ಪಟ್ಟಿಗಳನ್ನು ಹೊಂದಿಸುವ ಒಂದು ಸಣ್ಣ ಸಾಧನವಿತ್ತು. ಮನೆಯಲ್ಲಾಗಿದ್ದರೆ ಅದನ್ನು ನಾನು ಮುಟ್ಟುತ್ತಿರಲಿಲ್ಲ. ಹಳೆಯ ಪಟ್ಟಿಗೆ ಯಾವ ಭಾಗಗಳು ಹೋಗಬೇಕು, ಯಾವುದು ಹೋಗಬಾರದು ಎಂದು ಕೈಯಾರೆ ಆರಿಸಿ ಬರೆಯುತ್ತಿದ್ದೆ. ಈ ಸಾಧನ ಆರಿಸುವುದಿಲ್ಲ, ಮೊದಲ ನಾಲ್ಕು ಭಾಗಗಳನ್ನು ತಾನೇ ಎತ್ತಿ ಬರೆದುಬಿಡುತ್ತದೆ. ಅಷ್ಟು ಜನ ನೋಡುತ್ತಿದ್ದಾರೆ ಎಂಬ ಗಡಿಬಿಡಿಯಲ್ಲಿ ಒಪ್ಪಿಗೆಯ ಕೀಲಿ ಒತ್ತಿದೆ.

ವಿಂಡೋಸ್ ಎದ್ದಿತು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ನಾನು ಮೈಕಿನ ತಂತಿ ಬಿಡಿಸುತ್ತಿದ್ದಾಗ ಆ ಶಿಕ್ಷಕಿ ನನಗೆ ನೆರವಾಗಲೆಂದು ಮೌಸ್ ಹಿಡಿದರು. ತೆರೆಯ ಮೇಲೆ ಹೊಸದೊಂದು ಡ್ರೈವ್ ಬಂದಿತ್ತು. ಅದರೊಳಗೆ ‘ಪಾಠ’ ಎಂಬ ಫೋಲ್ಡರ್.

“ಇದ ಅಲ್ರೀ ನೀವು ತೋರಸೋದು?” ಎಂದು ಅವರು ಮೊದಲನೆಯ ವಿಡಿಯೋ ಒತ್ತಿಯೇಬಿಟ್ಟರು.

ಆ ಡ್ರೈವಿನ ಭಾಗವನ್ನು ನಾನು ಬೇಕೆಂದೇ ಹಳೆಯ ಪಟ್ಟಿಯಿಂದ ಹೊರಗಿಟ್ಟಿದ್ದೆ; ಆ ಪಟ್ಟಿಯಲ್ಲಿಲ್ಲದ್ದು ವಿಂಡೋಸಿಗೆ ಕಾಣುವುದಿಲ್ಲ. ವಿಂಡೋಸಿನಲ್ಲಿ ಕೆಲಸ ಮಾಡುವಾಗ ಕಾಲೇಜಿನವರು ಯಾರಾದರೂ ಅಕ್ಕಪಕ್ಕ ಇರುತ್ತಿದ್ದರು; ಅವರ ಕಣ್ಣಿಗೆ ಅದು ಬೀಳುವುದು ಬೇಡವಾಗಿತ್ತು. ಹಿಂದೊಮ್ಮೆ ಬೆಂಗಳೂರಿನ ತರಬೇತಿಯಲ್ಲಿ ನಾನು ‘ತೋರಸಾಕ ಹತ್ತೇನಿ’ ಅಂದಾಗ ಮುಂದಿನ ಬೆಂಚಿನ ಇಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದರು. ಊರಿಗೆ ಬಂದ ಮೇಲೆ ಬಾಗಿಲು ಹಾಕಿಕೊಂಡು, ಕ್ಯಾಮೆರಾದ ಮುಂದೆ ಅವರ ಹಾಗೆ ಮಾತಾಡುವುದನ್ನು ರೂಢಿ ಮಾಡಿಕೊಂಡೆ. ಆ ವಿಡಿಯೋಗಳೇ ಅವು.

ಗೋಡೆಯಷ್ಟಗಲದ ತೆರೆಯ ಮೇಲೆ ನನ್ನ ಮುಖ. ಲಿಪ್‌ಸ್ಟಿಕ್ ಹಚ್ಚಿಕೊಂಡಿದ್ದೆ. “ಈಗ ನಾನು ನಿಮಗೆ ತೋರಿಸ್ತಾ ಇದ್ದೀನಿ” ಎಂದೆ. ಸರಿಹೋಗಲಿಲ್ಲವೆಂದು ಮತ್ತೊಮ್ಮೆ ಎಂದೆ. ‘ಇದ್ದೀನಿ’ಯನ್ನು ಮೂಗಿನಿಂದ ಎಳೆದು ಇನ್ನೊಮ್ಮೆ. ಸಭೆಯಲ್ಲಿ ನಗೆ ಎದ್ದಿತು. ಕೆಟ್ಟ ನಗೆಯಲ್ಲ; ಮೊದಲೇ ತಯಾರು ಮಾಡಿ ತಂದ ತಮಾಷೆ ಎಂದುಕೊಂಡಿದ್ದರು. ನಾನು ಮೈಕು ಬಿಟ್ಟು ಮೇಜಿನ ಕಡೆ ಬರುವಷ್ಟರಲ್ಲಿ ವಿಡಿಯೋದ ಒಳಗೆ, ಅಡುಗೆಮನೆಯ ಕಡೆಯಿಂದ ಅವ್ವನ ದನಿ ಕೇಳಿಸಿತು.

“ಯಾರ ಜೋಡಿ ಮಾತಾಡಾಕ ಹತ್ತೀಯವಾ? ಯಾರರ ಬಂದಾರೇನ?”

ತೆರೆಯ ಮೇಲಿನ ನಾನು ಮುಖ ಗಂಟಿಕ್ಕಿ ಆ ಕಡೆ ತಿರುಗಿದೆ. “ಅವ್ವಾ, ನೀ ಬಾಯಿ ಮುಚಗೊಂಡ ಇರ. ನಿನ್ನ ಮಾತ ಕೇಳಿ ಕೇಳೇ ನನ್ನ ನಾಲಿಗಿ ಹಿಂಗ ಆಗೇತಿ.”

ಅದೊಂದೇ ಮಾತು ನಮ್ಮ ಭಾಷೆಯಲ್ಲಿ ಸೊಗಸಾಗಿ, ತಡವರಿಸದೆ ಬಂದಿತ್ತು.

ನಗೆ ನಿಂತುಹೋಯಿತು. ಕುಳಿತವರಲ್ಲಿ ಹೆಚ್ಚಿನವರು ಬೈಲಹೊಂಗಲ, ಸವದತ್ತಿ, ಕಟಕೋಳದ ಕಡೆಯವರು. ಅವರ ಮನೆಗಳಲ್ಲೂ ಅವ್ವಂದಿರು ಹಾಗೇ ಮಾತಾಡುತ್ತಾರೆ. ನಾನು ವಿಡಿಯೋ ಮುಚ್ಚಿದೆ. ಹಿಂದಿನ ಸಾಲಿನ ಕಡೆ ನೋಡಲಾಗಲಿಲ್ಲ. ಹಿಂದೆ ಕುಳಿತಿರುವ ಹೆಂಗಸೇ ಆ ದನಿಯವಳೆಂದು ಕೆಲವರಿಗೆ ಗೊತ್ತಿತ್ತು. ಬರುವಾಗ ಬಾಗಿಲಲ್ಲಿ ನಾನೇ ಪರಿಚಯ ಮಾಡಿಸಿದ್ದೆ. ಅವರ ತಲೆಗಳು ಹಿಂದಕ್ಕೆ ತಿರುಗಿ, ತಟ್ಟನೆ ಮುಂದಕ್ಕೆ ಬಂದವು.

ಶಿಕ್ಷಕಿ ತಗ್ಗಿದ ದನಿಯಲ್ಲಿ, ತಪ್ಪು ತಿಳಿಯಬೇಡಿ, ನನಗೆ ಗೊತ್ತಾಗಲಿಲ್ಲ ಎಂದರು. ತಪ್ಪು ಅವರದಾಗಿರಲಿಲ್ಲ. ಮೈಯೆಲ್ಲ ಬೆವರಿ ಕುಪ್ಪಸ ಬೆನ್ನಿಗೆ ಅಂಟಿತ್ತು. ಆದರೂ ಪಾಠ ಮಾಡಿದೆ. ಯಾವ ಭಾಷೆಯಲ್ಲಿ ಮಾಡಿದೆನೋ ತಿಳಿಯದು. ‘ಇದ್ದೀನಿ’ ಎನ್ನಲು ನಾಲಿಗೆ ಏಳಲಿಲ್ಲ; ‘ಹತ್ತೇನಿ’ ಎಂದರೆ ಈಗ ನಾಟಕ ಮಾಡುತ್ತಿದ್ದಾಳೆ ಎಂದುಕೊಂಡಾರು ಎನ್ನಿಸಿತು. ಕೊನೆಗೆ ಇಲ್ಲಿ ಒತ್ತಿ, ಅಲ್ಲಿ ಒತ್ತಿ ಎಂದಷ್ಟೇ ಹೇಳಿ ಮುಗಿಸಿದೆ. ಶಾಲು ಹೊದಿಸಿದರು. ಅದು ಹೆಗಲ ಮೇಲೆ ಇದ್ದಷ್ಟು ಹೊತ್ತೂ ನೆಲ ನೋಡುತ್ತ ನಿಂತೆ.

ಬಸ್ ನಿಲ್ದಾಣದಲ್ಲಿ ಅವ್ವ ನನ್ನ ಚೀಲವನ್ನು ತಾನೇ ಹಿಡಿದುಕೊಂಡಿದ್ದಳು. ನಾನು ಏನಾದರೂ ಹೇಳಬೇಕೆಂದು, ಅವ್ವಾ ಅದು ಬಹಳ ಹಿಂದಿನದು ಎಂದು ಶುರು ಮಾಡಿದೆ. ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಬೇರೆ ಏನನ್ನೋ ಯೋಚಿಸುತ್ತಿದ್ದಳು.

“ನನ್ನ ದನಿ ಖರೇನ ಹಂಗ ಐತೇನ?” ಎಂದು ಕೇಳಿದಳು. “ಅಷ್ಟ ದಪ್ಪ?”

ಯಂತ್ರದೊಳಗಿಂದ ತನ್ನ ದನಿಯನ್ನು ಅವಳು ಕೇಳಿದ್ದು ಅದೇ ಮೊದಲ ಸಲ.

“ಇಲ್ಲವಾ. ಸ್ಪೀಕರದಾಗ ಎಲ್ಲಾರದೂ ಹಂಗ ಕೇಳತೈತಿ.”

“ನಿಂದು ಚಲೋ ಕೇಳತಿತ್ತಲ್ಲ,” ಎಂದಳು.

ಅದರಲ್ಲಿ ಚುಚ್ಚುಮಾತಿನ ಸುಳಿವೂ ಇರಲಿಲ್ಲ. ಬೈದಿದ್ದರೆ ಕಾಲು ಹಿಡಿಯಬಹುದಿತ್ತು. ಬಸ್ಸು ಬಂತು. ಬೈಲಹೊಂಗಲದವರೆಗೆ ನಮ್ಮ ಪಕ್ಕ ಒಬ್ಬ ಮುದುಕಿ ಕುಳಿತಿದ್ದಳು. ಎಲ್ಲಿಗೆ ಹೋಗಿದ್ದಿರಿ ಎಂದು ಅವಳು ಕೇಳಿದರೆ ಅವ್ವ, ಇಲ್ಲೇ ಕಿತ್ತೂರಿಗೆ ಎಂದಷ್ಟೇ ಹೇಳಿ ಸೆರಗು ಸರಿಮಾಡಿಕೊಂಡಳು.

ಮನೆಗೆ ಬಂದು ಆ ವಿಡಿಯೋಗಳನ್ನೆಲ್ಲ ಅಳಿಸಿದೆ. ಇನ್ನು ಯಾವುದನ್ನು ಮುಚ್ಚಿಡಬೇಕು? ಆ ಭಾಗವನ್ನು ಎರಡೂ ಪಟ್ಟಿಗಳಲ್ಲಿ ಹಾಗೆಯೇ ಬಿಟ್ಟೆ. ಕ್ಷಮೆಯನ್ನೂ ಕೇಳಿದೆ, ರೊಟ್ಟಿ ಬಡಿಯುತ್ತಿದ್ದವಳ ಪಕ್ಕ ಕುಳಿತು. ಹುಚ್ಚಿ, ಅದನ್ನ ಎಷ್ಟು ಮನಸ್ಸಿಗೆ ಹಚ್ಚಿಕೊಂಡೀ ಎಂದು ನಕ್ಕು, ಬಿಸಿ ರೊಟ್ಟಿ ತಟ್ಟೆಗೆ ಹಾಕಿದಳು.

ಆದರೆ ಅಂದಿನಿಂದ ಒಂದು ಮಾತ್ರ ಬದಲಾಗಿದೆ. ನಾನು ಮನೆಯಲ್ಲಿ ಪಾಠ ರೆಕಾರ್ಡ್ ಮಾಡಲು ಕುಳಿತರೆ ಅವ್ವ ಮೆಲ್ಲಗೆ ಎದ್ದು ಪಕ್ಕದ ಮನೆಗೆ ಹೋಗುತ್ತಾಳೆ. ಇಲ್ಲೇ ಇರು, ಮಾತಾಡಿದರೂ ಏನೂ ಆಗುವುದಿಲ್ಲ ಎಂದು ಎಷ್ಟೋ ಸಲ ಹೇಳಿದ್ದೇನೆ. ಅವರ ಮನೆಯಲ್ಲಿ ಸ್ವಲ್ಪ ಕೆಲಸವಿದೆ ಎನ್ನುತ್ತಾಳೆ. ಕಿಟಕಿಯಿಂದ ನೋಡಿದರೆ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿರುತ್ತಾಳೆ, ನಾನು ಮುಗಿಸಿ ಬಾಗಿಲು ತೆರೆಯುವವರೆಗೆ.