ಆ ಹನ್ನೊಂದು ಒಪ್ಪಿಗೆ ಚೀಟಿ

ಲೀನಾ ಸಿಸ್ಟರ್, ನಮ್ಮ ಎಸ್ಟೇಟಿನ ಕೂಲಿ ಲೈನಿನ ಮನೆಗಳ ಹನ್ನೊಂದು ಹುಡುಗಿಯರಿಗೆ ಆ ಇಂಜೆಕ್ಷನ್ ತಪ್ಪಿಸಿದವಳು ನಾನು. ಬೇರೆ ಯಾರೂ ಅಲ್ಲ — ನಿಮ್ಮ ಹಿಂದೆ ಲಸಿಕೆಯ ಐಸ್ ಡಬ್ಬಿ ಹೊತ್ತು ತಿರುಗುತ್ತಿದ್ದ ಈ ಗಂಗಮ್ಮನೇ. ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು ಸಂತೋಷ ತಡೆಯಲಾಗುತ್ತಿಲ್ಲ, ಆ ಸಂತೋಷ ಬಂದಾಗಲೆಲ್ಲ ನನ್ನ ಮೇಲೆ ನನಗೇ ರೇಗಿಹೋಗುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಆಲೂರಿನಲ್ಲಿ ನನ್ನ ಮೊಮ್ಮಗಳು ಸಿಂಚನಾಗೆ ಅದೇ ಇಂಜೆಕ್ಷನ್ ಹಾಕಿಸಿದೆ. ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬಾರದಂತೆ ಹುಡುಗಿಯರಿಗೆ ಕೊಡುವ ಅದೇ ಲಸಿಕೆ. ಸೂಜಿ ತೆಗೆದ ಮೇಲೂ ಕಣ್ಣು ಮುಚ್ಚಿಕೊಂಡೇ ಕೂತಿದ್ದಳು ಕಳ್ಳಿ, "ಇನ್ನೂ ಹಾಕಿಲ್ವಾ ಅಜ್ಜಿ?" ಅಂತ! ವಾಪಸ್ ಬರುವಾಗ ಬಸ್ಸಿನಲ್ಲಿ ಗುರುತಿಲ್ಲದವರಿಗೂ ಹೇಳಿಕೊಂಡು ಬಂದೆ — ನಿಮ್ಮ ಮನೆಯಲ್ಲಿ ಹುಡುಗಿ ಇದ್ದರೆ ಹಾಕಿಸಿ, ಹಾಕಿಸಿ ಎಂದು. ಇದೇ ಬಾಯಿ ಅವತ್ತು…

ಅವತ್ತು ಎಸ್ಟೇಟಿನ ಸಾಹುಕಾರರೇ ಆ ಲಸಿಕೆ ತರಿಸಿಕೊಟ್ಟಿದ್ದರು. ಸೂಜಿ ಹಾಕುವುದೂ ನೀವೇ, ರಿಜಿಸ್ಟರ್ ಬರೆಯುವುದೂ ನೀವೇ, ಪ್ರತಿ ತಾಯಿಯ ಅನುಮಾನಕ್ಕೆ ಉತ್ತರ ಕೊಡುವುದೂ ನೀವೊಬ್ಬರೇ. ಅದಕ್ಕೇ ನನಗೆ ಹೇಳಿದಿರಿ: "ಗಂಗಮ್ಮ, ಹೆಂಗಸ್ರು ನಿಮ್ಮ ಮಾತು ಕೇಳ್ತಾರೆ. ಕ್ಯಾನ್ಸರ್ ಬರದೇ ಇರೋಕೆ ಅಂತ ಹೇಳಿ, ಅಷ್ಟು ಸಾಕು." ಮೂರನೇ ಕ್ಲಾಸು ಓದಿದವಳಿಗೆ ಅಷ್ಟೂ ನೆನಪಿಡಲು ಆಗದೇ?

ನೆನಪಿತ್ತು. ಸಂಜೆ ಕಾಫಿ ಹಣ್ಣಿನ ಚೀಲ ಇಟ್ಟುಕೊಂಡು ಎಲ್ಲರೂ ತೂಕಕ್ಕೆ ಸಾಲು ನಿಂತಿದ್ದಾಗ ಹಾಗೆಯೇ ಹೇಳಿದೆ. ಹೆಂಗಸರು ತಲೆಯಾಡಿಸಿದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ಒಬ್ಬಳು ಕೇಳಿದಳು, "ಅಲ್ಲ ಕಣಕ್ಕ, ನಮ್ಮನ್ನೆಲ್ಲ ಬುಟ್ಟು ಈ ಚಿಕ್ಕ ಹುಡ್ಗೀರ್ಗೇ ಯಾಕಂತೆ?" ಎಲ್ಲರೂ ನನ್ನನ್ನೇ ನೋಡಿದರು, ಆಸ್ಪತ್ರೆ ವಿಷಯ ಬಲ್ಲವಳು ಎಂದು. ಆ ಜಂಬ ಇದೆಯಲ್ಲ, ಸಿಸ್ಟರ್…

"ಗಂಡಸ್ರ ಸಾವಾಸದಿಂದ ಅಂಟ್ಕಳಾ ಕಾಯ್ಲೆ ಕಣೆ. ಅದ್ಕೇ ಮದ್ವೆಗೆ ಮುಂಚೆ ಹಾಕ್ಬುಡಾದು. ಈಗಿನ್ ಹುಡ್ಗೀರು ಮದ್ವೆ ಗಂಟ ಎಲ್ಲಿ ಕಾಯ್ತಾವೆ!"

ಎಲ್ಲರೂ ನಕ್ಕರು. ತೂಕ ಬರೆಯುತ್ತಿದ್ದ ರೈಟರೂ ನಕ್ಕ. ನನ್ನ ಮನೆಯ ಹುಡುಗಿ ಆಗ ಚಿಕ್ಕವಳು, ನಿಮ್ಮ ಪಟ್ಟಿಯಲ್ಲಿ ಇರಲಿಲ್ಲ — ಇದ್ದಿದ್ದರೆ ಆ ತಮಾಷೆ ನನ್ನ ನಾಲಿಗೆಗೆ ಬರುತ್ತಿತ್ತೇ?

ಗಂಗಮ್ಮ ಹೇಳಿದರೆ ಅದು ಸಿಸ್ಟರ್ ಮಾತು ಎಂದೇ ಲೈನಿನವರ ನಂಬಿಕೆ. ಬೆಳಗಾಗುವಷ್ಟರಲ್ಲಿ ನನ್ನ ಕೊಳಕು ತಮಾಷೆ ನಿಮ್ಮ ಹೆಸರಿನಲ್ಲಿ ಮನೆಮನೆ ಸುತ್ತಿತ್ತು. ನೀವು ಮೇಜು ಹಾಕಿಕೊಂಡು ಕಾದಿರಿ. ಮನೆಯವರು ಸಹಿ ಹಾಕಿ ಕೊಡಬೇಕಿದ್ದ ಹನ್ನೊಂದು ಒಪ್ಪಿಗೆ ಚೀಟಿಯಲ್ಲಿ ಒಂದೂ ಬರಲಿಲ್ಲ. ಬಂದವಳು ಪವಿತ್ರಳ ತಾಯಿ ಜಯಮ್ಮ, ಅದೂ ಜಗಳಕ್ಕೆ. ಹಿಂದಿನ ಸಂಜೆ ಅವಳು ತೂಕದ ಹತ್ತಿರ ಇರಲೇ ಇಲ್ಲ; ಆ ಮಾತು ನನ್ನದೆಂದು ಅವಳಿಗೆ ಗೊತ್ತಿರಲಿಲ್ಲ.

"ನಮ್ ಪವಿತ್ರನ್ನ ಏನಂತ ತಿಳ್ಕಂಡಿದೀರಾ ಸಿಸ್ಟ್ರೇ? ಲೈನಲ್ಲಿರೋರ್ ಮಕ್ಳು ಅಂದ್ರೆ ಕೆಟ್ಟೋರಾ? ಈ ಸೂಜಿ ಹಾಕುಸ್ಕಂಡ್ಲು ಅಂದ್ರೆ ಯಾವನ್ ಬತ್ತಾನೆ ಹೆಣ್ ಕೇಳಕ್ಕೆ?"

ನೀವು ನನ್ನ ಕಡೆ ತಿರುಗಿ ಕೇಳಿದಿರಿ, "ಯಾರು ಗಂಗಮ್ಮ ಹೀಗೆಲ್ಲ ಹೇಳಿದ್ದು?"

"ಗೊತ್ತಿಲ್ಲ ಸಿಸ್ಟರ್," ಅಂದೆ.

ಡಬ್ಬಿ ಮುಚ್ಚುತ್ತಾ ನೀವು ಗೊಣಗಿದ್ದು ಇನ್ನೂ ಕಿವಿಯಲ್ಲಿದೆ. "ಜ್ವರಕ್ಕೆ ಮಾತ್ರೆ ಕೊಟ್ರೆ ಯಾಕೆ ಅಂತ ಒಬ್ರೂ ಕೇಳಲ್ಲ. ಇದಕ್ಕೆ ಮಾತ್ರ ಹುಡುಗಿ ಮರ್ಯಾದೆ ತಂದು ಇಡ್ತಾರೆ. ಬೇರೆ ಲಸಿಕೆ ಥರ ಶಾಲೆಯಲ್ಲೇ ಎಲ್ಲರಿಗೂ ಒಟ್ಟಿಗೆ ಹಾಕ್ಬೇಕಿತ್ತು…" ಆಮೇಲೆ, ಮೆಲ್ಲಗೆ — "ನಾನೇ ಸರಿಯಾಗಿ ತಿಳಿಸಿ ಹೇಳ್ಲಿಲ್ಲವೇನೋ." ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ನೀವು ಯಸಳೂರು ಕಡೆಗೆ ವರ್ಗ ಮಾಡಿಸಿಕೊಂಡು ಹೋದಾಗ ಬಸ್ ಹತ್ತಿಸಲೂ ಬರಲಿಲ್ಲ.

ಇವತ್ತು ಆಲೂರಿನ ಬಸ್ಸಿಳಿದು ಸೀದಾ ಜಯಮ್ಮನ ಮನೆಗೆ ಹೋದೆ. ಎಲ್ಲವನ್ನೂ ಹೇಳಿದೆ, ನಾನಾಡಿದ ಆ ತಮಾಷೆಯನ್ನೂ ಬಿಡದೆ. ಅವಳು ಕೇಳಿದ್ದು ಒಂದೇ:

"ನಿನ್ ಮೊಮ್ಮಗಳಿಗೆ ಹಾಕ್ಸಾದ್ ಮೇಲೆ ನೆಪ್ಪಾಯ್ತಾ ಅಕ್ಕ?"

ಹೌದು, ಆಮೇಲೆಯೇ ನೆನಪಾಯಿತು. ಎದ್ದು ಹೊರಟೆ. ಹಿಂದಿನಿಂದ ಕೂಗಿ ಕೇಳಿದಳು: "ಪವಿತ್ರನ್ನ ಬಾಳ್ಳುಪೇಟೆಗೆ ಕೊಟ್ಟಾಗೈತೆ. ಮದ್ವೆ ಆದೋಳ್ಗೆ ಈಗ ಹಾಕಬೌದಾ, ಇಲ್ವಾ?"

ನನಗೆ ಗೊತ್ತಿಲ್ಲ, ಸಿಸ್ಟರ್. ಉಳಿದ ಹತ್ತು ಮನೆಗೂ ಹೋಗುತ್ತೇನೆ, ಅದು ನಿಮ್ಮ ಮಾತಲ್ಲ, ನನ್ನದು ಎಂದು ಹೇಳುತ್ತೇನೆ. ಅವರೂ ಇದನ್ನೇ ಕೇಳುತ್ತಾರೆ. ದಯವಿಟ್ಟು ಡಾಕ್ಟರನ್ನು ವಿಚಾರಿಸಿ. ಆದರೆ ಉತ್ತರವನ್ನು ನನ್ನ ಕೈಲಿ ಹೇಳಿ ಕಳಿಸಬೇಡಿ. ಜಯಮ್ಮನಿಗೇ ಫೋನ್ ಮಾಡಿ.